‘ಬೇರ್’ ಅಂದರೆ ಯಾವಾಗಲೂ ‘ಬರಿ’ ಅಲ್ಲ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಕಥೆ, ಕಾದಂಬರಿ ನನ್ನ ಪಾಲಿಗೆ ಬರುವುದಿಲ್ಲ. ಆಸ್ಪತ್ರೆಯ ಸೂಚನೆಗಳು, ಕೃಷಿ ಕರಪತ್ರ, ಕೋರ್ಟಿನ ಕಾಗದ, ಯಂತ್ರದ ಜೊತೆ ಬರುವ ಪುಸ್ತಿಕೆ, ಇಂಥವೇ. ಇಷ್ಟು ವರ್ಷಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು, ಜಾಸ್ತಿ ಕಲಿಸಿದ್ದು ‘ಬೇರ್’ ಅನ್ನುವ ಪುಟ್ಟ ಪದ. ಕರಡಿಯ ಬೇರ್ ಅಲ್ಲ. ಬರಿಗಾಲಿಗೆ ಇಂಗ್ಲಿಷಿನವರು ‘ಬೇರ್ ಫೂಟ್’ ಅನ್ನುತ್ತಾರಲ್ಲ, ಆ ಬೇರ್.

ಅದು ಸುಲಭ ಅಂತ ಅನಿಸುವುದೇ ತೊಂದರೆ. ಬೇರ್, ಬರಿ. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಆದರೆ ಎರಡಕ್ಕೂ ನಂಟಿಲ್ಲ. ಇಂಗ್ಲಿಷಿನದು ಅವರ ಹಳೆಯ ಮನೆಮಾತು, ಜರ್ಮನ್ನರ ‘ಬಾರ್‌ಫೂಸ್’ ಅದರ ಒಡಹುಟ್ಟು. ನಮ್ಮದು ಅಚ್ಚಗನ್ನಡದ್ದು. ಹಳಗನ್ನಡದಲ್ಲಿ ಅದನ್ನು ‘ಬಱಿ’ ಅಂತ, ಈಗ ನಾವು ಕೈಬಿಟ್ಟಿರುವ ಱಕಾರದಲ್ಲಿ ಬರೆಯುತ್ತಿದ್ದರು.

ಇದು ನನಗೆ ಅರ್ಥವಾಗಿದ್ದು ಒಂದು ಪಂಪ್‌ಸೆಟ್ ಕರಪತ್ರದಿಂದ. ಬೇರ್ ವೈರ್ ಮುಟ್ಟಬಾರದು ಅನ್ನುವ ಸೂಚನೆ ಇತ್ತು. ‘ಬರಿ ತಂತಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ’ ಅಂತ ಬರೆದೆ. ಪ್ರಾಸ ಚೆನ್ನಾಗಿ ಕೂತಿತು ಅಂತ ಖುಷಿಯೂ ಆಯಿತು. ಅದೇ ದಿನ ನಮ್ಮ ಮನೆಯ ಮೋಟರ್ ರಿಪೇರಿಗೆ ಎಲೆಕ್ಟ್ರಿಷಿಯನ್ ಬಂದಿದ್ದರು. ಅವರಿಗೆ ಓದಿ ಹೇಳಿದೆ. ಕೈಲಿದ್ದ ಟೆಸ್ಟರ್ ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಕೇಳಿದರು, “ಬರೀ ತಂತಿ ಅಂದ್ರೆ ಕರೆಂಟ್ ಇಲ್ದಿರೋ ತಂತಿ ಅಲ್ವಾ ಮೇಡಂ? ಅದನ್ನ ಮುಟ್ಟಿದ್ರೆ ಏನಾಗುತ್ತೆ?”

ನನ್ನ ಕೈಕಾಲು ತಣ್ಣಗಾದವು. ಬರಿ ಕೊಡ ಅಂದರೆ ನೀರಿಲ್ಲದ ಕೊಡ. ಬರಿ ಹೊಟ್ಟೆ ಅಂದರೆ ಅನ್ನ ಬೀಳದ ಹೊಟ್ಟೆ. ಹಾಗಾದರೆ ಬರಿ ತಂತಿ ಅಂದಾಗ ರೈತನ ಮನಸ್ಸಿಗೆ ಬರುವುದು ಅದೇ ತಾನೇ? ಇಂಗ್ಲಿಷಿನ ಬೇರ್ ಹೊರಗಿನ ಹೊದಿಕೆ ಇಲ್ಲ ಅನ್ನುತ್ತದೆ. ನಮ್ಮ ಬರಿ ಎಷ್ಟೋ ಸಲ ಒಳಗೆ ಏನೂ ಇಲ್ಲ ಅನ್ನುತ್ತದೆ. 230 ವೋಲ್ಟ್ ಹರಿಯುವ ಕಡೆ ಇದು ಜೀವದ ಪ್ರಶ್ನೆ.

ಅವರನ್ನೇ ಕೂರಿಸಿಕೊಂಡು ತಿದ್ದಿದೆ. ‘ಪ್ಲಾಸ್ಟಿಕ್ ಕಿತ್ತುಹೋಗಿ ಒಳಗಿನ ತಾಮ್ರ ಕಾಣುವ ವೈರನ್ನು ಮುಟ್ಟಬೇಡಿ’ ಅಂತ ಮಾಡಿದೆವು. ಆಗ ಅವರು ಇನ್ನೊಂದು ಮಾತು ಹೇಳಿದರು. ಕಂಬದ ಮೇಲಿನ ಲೈನೂ ‘ಬೇರ್’ ತಂತಿಯೇ. ಅಲ್ಯೂಮಿನಿಯಂ ಎಳೆಗಳ ನಡುವೆ ಉಕ್ಕಿನ ಎಳೆ ಇರುವ ತಂತಿ ಅದು. ಸಾಮಾನ್ಯವಾಗಿ ಅದಕ್ಕೆ ಮೊದಲಿನಿಂದಲೂ ಹೊದಿಕೆ ಇರುವುದಿಲ್ಲ. ‘ಕಿತ್ತುಹೋದ’ ಅಂದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಹರಿದು ಬಿದ್ದ ಲೈನಿನ ಹತ್ತಿರ ಹೋಗಬೇಡಿ ಅಂತ ಬೇರೆಯೇ ಒಂದು ಸಾಲು ಸೇರಿಸಿದೆ.

ಅಂದಿನಿಂದ ಈ ಪದ ಬಂದಾಗಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಲ್ಲಿ ಇಲ್ಲದಿರುವುದು ಏನು? ಅದು ಇದ್ದು ಹೋಯಿತೋ, ಮೊದಲಿನಿಂದಲೇ ಇರಲಿಲ್ಲವೋ? ಉತ್ತರ ಸಿಕ್ಕರೆ ಪದ ತಾನಾಗೇ ಬರುತ್ತದೆ. ಎಲೆ ಉದುರಿದ್ದರೆ ಬೋಳು ಮರ, ಗಿಡಗಂಟಿ ಇಲ್ಲದಿದ್ದರೆ ಬೋಳು ಗುಡ್ಡ. ಒರೆಯಿಂದ ಹೊರಬಂದ ಕತ್ತಿಗೆ ಬಿಚ್ಚುಗತ್ತಿ. ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರಿನ ಮುಂದೆ ಇರುವುದು ಅದೇ. ಎಷ್ಟು ಚೆಂದದ ಪದ! ಬೇರ್ ಗೋಡೆ ಬಂದರೆ ಇನ್ನೊಂದು ಸಲ ನೋಡಬೇಕು, ಗಾರೆ ಇಲ್ಲವೋ, ಬಣ್ಣ ಇಲ್ಲವೋ, ಫೋಟೋ ಇಲ್ಲವೋ ಅಂತ. ಕೃಷಿ ಕಾಗದದ ಬೇರ್ ನೆಲವನ್ನು ಬರಡು ನೆಲ ಅಂತ ಬರೆದವರನ್ನು ಕಂಡಿದ್ದೇನೆ. ತಪ್ಪು. ಬರಡು ಅಂದರೆ ಬೆಳೆಯೇ ಬಾರದ ನೆಲ. ಇಲ್ಲಿ ಹೇಳುತ್ತಿರುವುದು ಫಲವತ್ತಾದರೂ ಹೊದಿಕೆ ಬೆಳೆಯಾಗಲಿ ತರಗೆಲೆಯಾಗಲಿ ಇಲ್ಲದೆ ಮಳೆಗೆ ಕೊಚ್ಚಿಹೋಗುವ ನೆಲದ ಬಗ್ಗೆ.

ಇನ್ನೊಂದು ತಪ್ಪು ನನಗೆ ಈಗಲೂ ನೋವು ಕೊಡುತ್ತದೆ. ಎಂಆರ್‌ಐ ಸ್ಕ್ಯಾನಿಗೆ ಬರುವವರಿಗಾಗಿ ಒಂದು ಪುಟದ ಸೂಚನೆ. ಆ ಯಂತ್ರದ ಅಯಸ್ಕಾಂತ ತುಂಬಾ ಜೋರು, ಮೈಮೇಲೆ ಲೋಹ ಇರಬಾರದು. ಕೈ, ಕುತ್ತಿಗೆ ಬೇರ್ ಇರಬೇಕು ಅಂತ ಇಂಗ್ಲಿಷಿನಲ್ಲಿತ್ತು. ‘ಕೈ ಮತ್ತು ಕೊರಳು ಬರಿದಾಗಿರಬೇಕು’ ಅಂತ ಬರೆದಿಟ್ಟಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಅವರ ಕೈ ತಾನಾಗೇ ಕೊರಳಿನ ಕರಿಮಣಿಗೆ ಹೋಯಿತು. “ಏನಮ್ಮಾ ಇದು, ಮುತ್ತೈದೆಯರು ಓದೋ ಕಾಗದದಲ್ಲಿ ಹೀಗೆ ಬರೀತಾರಾ?” ಅಂದರು.

ಬರಿ ಕೊರಳು, ಬರಿಗೈ, ಬೋಳು ಹಣೆ ಅಂದಾಗ ನಮ್ಮ ಹೆಂಗಸರಿಗೆ ಏನು ಕೇಳಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಂಗ್ಲಿಷ್ ವಾಕ್ಯ ಕಣ್ಣ ಮುಂದಿದ್ದಾಗ ಕನ್ನಡದ ಕಿವಿ ಮುಚ್ಚಿಹೋಗಿತ್ತು. ಕಾಯಿಲೆಯ ಭಯದಲ್ಲಿ ಬಂದವರಿಗೆ ಆ ಸಾಲು ಇನ್ನೊಂದು ಏಟು ಆಗುತ್ತಿತ್ತು. ‘ಬಳೆ, ಸರ, ತಾಳಿ, ಓಲೆ ತೆಗೆದು ಜೊತೆಗೆ ಬಂದವರ ಕೈಯಲ್ಲಿ ಕೊಡಿ. ಸ್ಕ್ಯಾನ್ ಮುಗಿದ ಕೂಡಲೇ ಹಾಕಿಕೊಳ್ಳಬಹುದು’ ಅಂತ ಬದಲಾಯಿಸಿದೆ. ಎರಡನೇ ವಾಕ್ಯ ಮೂಲದಲ್ಲಿ ಇರಲಿಲ್ಲ. ಕೆಲಸ ಕೊಟ್ಟವರನ್ನು ಕೇಳಿ, ಒಪ್ಪಿಸಿ ಸೇರಿಸಿದೆ.

ಕೋರ್ಟಿನ ಕಾಗದದಲ್ಲಿ ಈ ಪದ ಅಷ್ಟು ಕಷ್ಟ ಕೊಡುವುದಿಲ್ಲ. ವ್ಯಾಖ್ಯಾನ ಇಲ್ಲದ ಕಾನೂನಿನ ಪುಸ್ತಕಕ್ಕೆ ವಕೀಲರೆಲ್ಲ ಬೇರ್ ಆಕ್ಟ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬಿಡುತ್ತೇನೆ. ಬೇರ್ ಇಂಜಂಕ್ಷನ್ ದಾವೆ ಅಂದರೆ ಜಮೀನು ನನ್ನದು ಅಂತ ಘೋಷಿಸಿ ಎಂದು ಕೇಳದೆ, ಎದುರು ಪಾರ್ಟಿ ಒಳಗೆ ಬರದಂತೆ ತಡೆಯಿರಿ ಅಂತ ಮಾತ್ರ ಕೇಳುವ ದಾವೆ. ಅಲ್ಲಿ ‘ಬರೀ ಇಂಜಂಕ್ಷನ್’ ಅಂದರೆ ಅರ್ಥ ಸರಿಯಾಗಿ ಕೂರುತ್ತದೆ.

‘ಬೇರ್ಲಿ’ ಬಂದರೆ ಮಾತ್ರ ಎಚ್ಚರ. ರೋಗಿ ಬೇರ್ಲಿ ನಡೆಯುತ್ತಾನೆ ಅನ್ನುವುದನ್ನು ‘ಕೇವಲ ನಡೆಯುತ್ತಾನೆ’ ಅಂತ ಹೊಸಬರು ಬರೆದು ತರುತ್ತಾರೆ. ‘ನಡೆಯೋದೇ ಕಷ್ಟ’ ಅನ್ನಿ, ಸಾಕು.

ಲಂಡನ್ನಿನಲ್ಲಿ ಓದುತ್ತಿರುವ ಅಕ್ಕನ ಮಗಳು ಹೋದ ತಿಂಗಳು ಫೋನಿನಲ್ಲಿ, “ಚಿಕ್ಕಮ್ಮಾ, ಇಲ್ಲಿನ ಹುಡುಗರು ರಶ್ ಇದ್ರೆ ‘ಬೇರ್ ಪೀಪಲ್’ ಅಂತಾರೆ, ಬಟ್ಟೆಗೂ ಅದಕ್ಕೂ ಸಂಬಂಧ ಇಲ್ಲ” ಅಂದಳು. ಕೆರಿಬಿಯನ್ ಕಡೆಯ ಇಂಗ್ಲಿಷಿನಿಂದ ಅಲ್ಲಿಗೆ ಬಂದ ಬಳಕೆ ಅದು. ಅಲ್ಲಿ ಬೇರ್ ಅಂದರೆ ‘ತುಂಬಾ’. ಫೋನ್ ಇಟ್ಟ ಮೇಲೆ ಹೊಳೆಯಿತು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿಬಂದವರೂ ಅದನ್ನೇ ಹೇಳುತ್ತಾರಲ್ಲ: “ಎಲ್ಲಿ ನೋಡಿದರೂ ಬರೀ ಜನ!”