ಮೇಲ್ ಸರ್ವರ್ ಪದೇ ಪದೇ ಬೀಳುತ್ತಿದೆಯೇ? ಮೊದಲು ಬಿದ್ದ ಹೊತ್ತು ಬರೆದಿಡಿ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಿಂದ ನನಗೆ ದಿನಾ ಬೆಳಿಗ್ಗೆ 10:15ರ ಸುಮಾರಿಗೆ ಫೋನ್ ಬರುತ್ತಿತ್ತು. ‘ಸಾರ್, ಮೇಲ್ ಮತ್ತೆ ನಿಂತುಹೋಯ್ತು.’ ಅಲ್ಲಿನ ಹುಡುಗ ಸರ್ವರ್ ಆಫ್ ಮಾಡಿ ಆನ್ ಮಾಡುತ್ತಿದ್ದ. ಆ ದಿನ ಮಟ್ಟಿಗೆ ಸರಿ. ಮರುದಿನ ಮತ್ತದೇ ಕಥೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 ಸಲ್ಲಿಸಬೇಕು, ಆಡಿಟರಿಗೆ ಬಿಲ್‌ಗಳು ಹೋಗಬೇಕು, ಅದೇ ಹೊತ್ತಿಗೆ ಮೇಲ್ ಇಲ್ಲ ಅಂದರೆ ಕಚೇರಿಯವರ ಪಾಡು ಹೇಗಿರುತ್ತದೆ ಅಂತ ಕೂತು ನೋಡಿದವರಿಗೇ ಗೊತ್ತು.

ಲಿನಕ್ಸ್ ಮೇಲೆ ಸ್ವಂತ ಮೇಲ್ ಸರ್ವರ್ ನಡೆಸುವ ಸಣ್ಣ ಕಚೇರಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಇನ್‌ಬಾಕ್ಸ್ ತೆರೆದು ಕೊಡಲು ಡವ್‌ಕಾಟ್, ವೈರಸ್ ಹಿಡಿಯಲು ಕ್ಲಾಮ್‌ಎವಿ, ಈ ಮೂರು ಇರುವ ಸರ್ವರ್ ಅಂದುಕೊಳ್ಳಿ.

ರೀಬೂಟ್ ಮಾಡುವ ಮುಂಚೆ

ಗಾಬರಿ ಬೇಡ. ನಿಮ್ಮ ಸರ್ವರ್ ಅರ್ಧ ಗಂಟೆ ಬಿದ್ದಿದ್ದರೆ ಬರಬೇಕಾದ ಮೇಲ್ ಕಳೆದುಹೋಗುವುದಿಲ್ಲ. ಕಳಿಸಿದ ಕಡೆಯ ಸರ್ವರ್ ಅದನ್ನು ತನ್ನ ಕ್ಯೂನಲ್ಲಿ, ಅಂದರೆ ಕಾಯುವ ಸಾಲಿನಲ್ಲಿ, ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಬೇರೆ ಏನೂ ಹೇಳದಿದ್ದರೆ 5 ದಿನ ಹೀಗೆ ಕಾಯುತ್ತದೆ. ಅಂದರೆ ಕಾರಣ ಹುಡುಕಲು ನಿಮಗೆ ಅರ್ಧ ಗಂಟೆ ಧಾರಾಳವಾಗಿ ಇದೆ.

ಕಳೆದುಹೋಗುವುದು ಬೇರೆ. ಕೆಲವು ಲಿನಕ್ಸ್‌ಗಳಲ್ಲಿ ಸಿಸ್ಟಮ್ ಲಾಗ್ (ಸರ್ವರ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ) ಮೆಮೊರಿಯಲ್ಲಿ ಮಾತ್ರ ಇರುತ್ತದೆ. ರೀಬೂಟ್ ಮಾಡಿದ ಕ್ಷಣ ಅಳಿಸಿಹೋಗುತ್ತದೆ. ಪೀಣ್ಯದ ಹುಡುಗ ದಿನಾ ಮಾಡುತ್ತಿದ್ದದ್ದು ಇದನ್ನೇ. ಸರ್ವರ್ ಏಕೆ ಬಿತ್ತು ಅನ್ನುವ ಸಾಕ್ಷಿಯನ್ನು ತನ್ನ ಕೈಯಾರೆ ಒರೆಸಿಹಾಕುತ್ತಿದ್ದ, ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ. ‘/ವಾರ್/ಲಾಗ್/ಜರ್ನಲ್’ ಅನ್ನುವ ಫೋಲ್ಡರ್ ಇಲ್ಲದಿದ್ದರೆ ಇವತ್ತೇ ಮಾಡಿ, ಜರ್ನಲ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಅಲ್ಲಿಂದ ಮುಂದೆ ಲಾಗ್ ಡಿಸ್ಕ್‌ನಲ್ಲಿ ಉಳಿಯುತ್ತದೆ.

ಆಮೇಲೆ ಒಂದು ನೋಟ್‌ಬುಕ್ ತೆಗೆದು, ಬಿದ್ದ ದಿನ, ಗಂಟೆ, ನಿಮಿಷ ಬರೆಯಿರಿ. ನಾಲ್ಕು ದಿನದ ಹೊತ್ತು ಒಂದರ ಕೆಳಗೊಂದು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ದಿನಾ ಒಂದೇ ಹೊತ್ತಿಗೆ ಬಿದ್ದರೆ ಆ ಹೊತ್ತಿಗೆ ನಡೆಯುವ ಯಾವುದೋ ಕೆಲಸ ಕಾರಣ. ಹೊತ್ತು ಗೊತ್ತಿಲ್ಲದೆ ಬಿದ್ದರೆ ಯಂತ್ರದ ಮೇಲೆ ಅನುಮಾನ ಪಡಬಹುದು. ಒಂದು ಎಚ್ಚರಿಕೆ: ಎಷ್ಟೋ ಸರ್ವರ್‌ಗಳು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಲಾಗ್ ಬರೆಯುತ್ತವೆ. ನಮ್ಮ 10:15 ಅಲ್ಲಿ 4:45 ಆಗಿರುತ್ತದೆ. ಐದೂವರೆ ಗಂಟೆ ಕಳೆಯುವುದನ್ನು ಮರೆತು ಇಡೀ ಲಾಗ್ ಸುಮ್ನೆ ಜಾಲಾಡಿದವರನ್ನು ನೋಡಿದ್ದೇನೆ.

ಬಿದ್ದದ್ದು ಯಾವುದು?

‘ಮೇಲ್ ಬರ್ತಿಲ್ಲ’ ಅನ್ನುವ ಒಂದೇ ಮಾತಿನ ಹಿಂದೆ ಹತ್ತು ಕಾರಣ ಇರಬಹುದು. ಸರ್ವರ್‌ಗೆ ಲಾಗಿನ್ ಆಗಲು ಆಗುತ್ತಿದೆಯಾ ನೋಡಿ. ಲಾಗಿನ್ ಆಗುತ್ತಿದ್ದರೆ ಯಂತ್ರ ಬದುಕಿದೆ, ಒಳಗಿನ ಒಂದು ಸರ್ವಿಸ್ ಮಾತ್ರ ಹೋಗಿದೆ ಅಂತ ಅರ್ಥ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಅನ್ನುವ ಕಮಾಂಡ್ ಕೊಟ್ಟು ಪೋಸ್ಟ್‌ಫಿಕ್ಸ್, ಡವ್‌ಕಾಟ್, ಕ್ಲಾಮ್‌ಎವಿ ಮೂರನ್ನೂ ಬೇರೆ ಬೇರೆಯಾಗಿ ಕೇಳಿ.

ಒಬ್ಬರಿಗೆ ಮಾತ್ರ ಮೇಲ್ ತೆರೆಯುತ್ತಿಲ್ಲವಾದರೆ ಅದು ಕ್ರ್ಯಾಶ್ ಅಲ್ಲದೆ ಇರಬಹುದು. ಒಬ್ಬ ಬಳಕೆದಾರ ಒಂದು ಐಪಿಯಿಂದ (ನೆಟ್‌ವರ್ಕ್ ವಿಳಾಸದಿಂದ) ಒಟ್ಟಿಗೆ 10 ಸಂಪರ್ಕ ಮಾತ್ರ ಇಟ್ಟುಕೊಳ್ಳಲು ಡವ್‌ಕಾಟ್ ಬಿಡುತ್ತದೆ. ಒಂದೇ ವೈಫೈನಲ್ಲಿ ಫೋನ್, ಲ್ಯಾಪ್‌ಟಾಪ್, ಮೇಜಿನ ಕಂಪ್ಯೂಟರ್ ಮೂರರಲ್ಲೂ ಮೇಲ್ ತೆರೆದಿಟ್ಟವರಿಗೆ ಹತ್ತು ಬೇಗ ಮುಗಿಯುತ್ತದೆ. ಆ ಮಿತಿಯನ್ನು 20ಕ್ಕೋ 30ಕ್ಕೋ ಏರಿಸಿದರೆ ಆಯಿತು.

ಡಿಸ್ಕ್

ಇದನ್ನು ನೋಡಲು ಒಂದು ನಿಮಿಷ ಸಾಕು, ಹಾಗಾಗಿ ಮೊದಲು ಇದನ್ನೇ ನೋಡಿ. ‘ಡಿಎಫ್ -ಎಚ್’ ಜಾಗ ಎಷ್ಟು ಉಳಿದಿದೆ ಅಂತ ಹೇಳುತ್ತದೆ. ಅಷ್ಟಕ್ಕೇ ನಿಲ್ಲಬೇಡಿ, ‘ಡಿಎಫ್ -ಐ’ ಕೂಡ ಕೊಡಿ. ಮೇಲ್‌ಡಿರ್ ಅನ್ನುವ, ಮೇಲ್ ಕೂಡಿಡುವ ರೀತಿಯಲ್ಲಿ ಒಂದೊಂದು ಮೇಲ್ ಒಂದೊಂದು ಫೈಲ್. ಜಾಗ ಉಳಿದಿದ್ದರೂ ಫೈಲ್‌ಗಳ ಲೆಕ್ಕ ಮುಗಿದರೆ ಹೊಸ ಮೇಲ್ ಇಳಿಯಲು ಆಗುವುದಿಲ್ಲ.

ಡಿಸ್ಕ್ ಪೂರ್ತಿ ತುಂಬುವ ಮುಂಚೆಯೇ ಪೋಸ್ಟ್‌ಫಿಕ್ಸ್ ಮೇಲ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಒಂದು ಮೇಲ್‌ಗೆ ನೀವು ಇಟ್ಟ ಗಾತ್ರದ ಮಿತಿಯ ಒಂದೂವರೆಪಟ್ಟು ಜಾಗ ಇರಲೇಬೇಕು ಅನ್ನುವುದು ಅದರ ಲೆಕ್ಕ. ಆಗ ಕಳಿಸಿದವರ ಕಡೆ 452 ಅನ್ನುವ ಕೋಡ್ ಕಾಣುತ್ತದೆ. 4ರಿಂದ ಶುರುವಾದರೆ ‘ಆಮೇಲೆ ಬಾ’ ಅಂತ, 5ರಿಂದ ಶುರುವಾದರೆ ‘ಬರಬೇಡ’ ಅಂತ.

ಜಾಗ ಮಾಡಲು ದೊಡ್ಡ ಲಾಗ್ ಫೈಲ್ ಅಳಿಸಿದರೂ ಜಾಗ ಸಿಗದೆ ಇರಬಹುದು. ಯಾವುದೋ ಸರ್ವಿಸ್ ಆ ಫೈಲನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಆ ಸರ್ವಿಸನ್ನು ಮಾತ್ರ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುಗಡೆಯಾಗುತ್ತದೆ.

ಮೆಮೊರಿ

ಪೀಣ್ಯದ ಸಮಸ್ಯೆ ಇದ್ದದ್ದು ಇಲ್ಲೇ. ‘ಜರ್ನಲ್‌ಸಿಟಿಎಲ್ -ಕೆ’ ಕೊಟ್ಟು ‘ಔಟ್ ಆಫ್ ಮೆಮೊರಿ’ ಅನ್ನುವ ಸಾಲು ಹುಡುಕಿ. ರೀಬೂಟ್ ಆಗಿಹೋಗಿದ್ದರೆ ಅದಕ್ಕೆ ‘-ಬಿ -1’ ಸೇರಿಸಿ, ಹಿಂದಿನ ಸಲದ ಲಾಗ್ ಬರುತ್ತದೆ. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ತಾನು ಉಳಿಯಲು ಒಂದು ಪ್ರೋಗ್ರಾಮನ್ನು ಬಲಿ ಕೊಡುತ್ತದೆ. ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ಮೆಮೊರಿ ಹಿಡಿದದ್ದೇ ಬಲಿ. ಆದರೆ ಆ ಹೊತ್ತಿಗೆ ಹೊರೆ ಹೆಚ್ಚಿಸಿದ್ದು ಅದೇ ಆಗಿರಬೇಕಿಲ್ಲ. ಬಿದ್ದದ್ದರ ಹೆಸರು ನೋಡಿ ಅದರ ಮೇಲೇ ತಪ್ಪು ಹೊರಿಸಬೇಡಿ, ಆ ಸಾಲಿನ ಮುಂಚಿನ ಹತ್ತು ನಿಮಿಷದ ಲಾಗ್ ಓದಿ.

ಅಲ್ಲಿ ಬಿದ್ದಿದ್ದು ಕ್ಲಾಮ್‌ಎವಿ. ಅದರ ವೈರಸ್ ಪಟ್ಟಿಗೇ 1 ಜಿಬಿಗಿಂತ ಹೆಚ್ಚು ಮೆಮೊರಿ ಬೇಕು. ಹೊಸ ಪಟ್ಟಿ ಬಂದಾಗ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ತುಂಬಿಕೊಳ್ಳುತ್ತದೆ, ಆ ಹೊತ್ತು ಎರಡರಷ್ಟು ಬೇಕು. ಯಂತ್ರದಲ್ಲಿದ್ದದ್ದು 4 ಜಿಬಿ. ಹೊಸ ಪಟ್ಟಿ ಬೆಳಿಗ್ಗೆ ಹತ್ತರ ಮೇಲೆ ಬರುತ್ತಿತ್ತು, ಅದೇ ಹೊತ್ತಿಗೆ ಕಚೇರಿಯ ಎಲ್ಲರೂ ಕಂಪ್ಯೂಟರ್ ಆನ್ ಮಾಡಿ ಇನ್‌ಬಾಕ್ಸ್ ತೆರೆಯುತ್ತಿದ್ದರು. ಎರಡೂ ಸೇರಿದಾಗ ಮೆಮೊರಿ ಸಾಲುತ್ತಿರಲಿಲ್ಲ. ವೈರಸ್ ನೋಡುವವರೇ ಇಲ್ಲವಾದ ಮೇಲೆ ಪೋಸ್ಟ್‌ಫಿಕ್ಸ್ ಮೇಲ್‌ಗಳನ್ನು ಕ್ಯೂನಲ್ಲಿ ಪೇರಿಸುತ್ತಾ ಕೂರುತ್ತಿತ್ತು. ಪೋಸ್ಟ್‌ಫಿಕ್ಸ್ ಬಿದ್ದಿರಲೇ ಇಲ್ಲ!

ಕ್ಲಾಮ್‌ಎವಿಯ ಕಾನ್ಫಿಗ್ ಫೈಲ್‌ನಲ್ಲಿ ‘ಕನ್‌ಕರೆಂಟ್ ಡೇಟಾಬೇಸ್ ರಿಲೋಡ್’ ಅನ್ನುವ ಸಾಲಿಗೆ ‘ನೋ’ ಅಂತ ಹಾಕಿದೆವು. ಈಗ ಹಳೆಯದನ್ನು ಕೆಳಗಿಟ್ಟು ಹೊಸದನ್ನು ಎತ್ತಿಕೊಳ್ಳುತ್ತದೆ. ಆ ಸ್ವಲ್ಪ ಹೊತ್ತು ಮೇಲ್ ಕಾಯುತ್ತದೆ, ಕಳೆದುಹೋಗುವುದಿಲ್ಲ. ಆಮೇಲೆ ಯಜಮಾನರಿಗೆ ಹೇಳಿ ರ‍್ಯಾಮ್ 8 ಜಿಬಿ ಮಾಡಿಸಿದೆವು.

ಕ್ಯೂ ಬೆಟ್ಟದಂತೆ ಬೆಳೆದಿದ್ದರೆ

‘ಪೋಸ್ಟ್‌ಕ್ಯೂ -ಪಿ’ ಕೊಟ್ಟಾಗ ಸಾವಿರಾರು ಮೇಲ್ ಕಂಡರೆ, ಕಳಿಸಿದ ವಿಳಾಸ ನೋಡಿ. ಎಲ್ಲವೂ ಒಂದೇ ಖಾತೆಯಿಂದ ಗೊತ್ತಿಲ್ಲದ ವಿಳಾಸಗಳಿಗೆ ಹೊರಟಿದ್ದರೆ ಆ ಖಾತೆಯ ಪಾಸ್‌ವರ್ಡ್ ಯಾರದೋ ಕೈ ಸೇರಿದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಕ್ಯೂ ಮುಟ್ಟಿ. ಇಡೀ ಕ್ಯೂ ಅಳಿಸುವ ಕಮಾಂಡ್ ಇದೆ, ದಯವಿಟ್ಟು ಅದನ್ನು ಕೊಡಬೇಡಿ. ಆ ರಾಶಿಯಲ್ಲಿ ನಿಮ್ಮ ಗಿರಾಕಿಯ ಆರ್ಡರ್ ಕೂಡ ಇರುತ್ತದೆ. ಎಲ್ಲವನ್ನೂ ‘ಹೋಲ್ಡ್’ನಲ್ಲಿಟ್ಟು, ಕೆಟ್ಟ ಖಾತೆಯದ್ದನ್ನು ಮಾತ್ರ ತೆಗೆದು, ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ.

ಹೊತ್ತು ಗೊತ್ತಿಲ್ಲದೆ ಬಿದ್ದರೆ

ಕರೆಂಟ್ ಹೋಗಿ ಬಂದ ದಿನಗಳನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಎರಡೂ ಹೊಂದಿದರೆ ಯುಪಿಎಸ್ ಬ್ಯಾಟರಿ ಪರೀಕ್ಷಿಸಿ. ಬೇಸಿಗೆಯ ಮಧ್ಯಾಹ್ನ ಮಾತ್ರ ಬೀಳುತ್ತಿದ್ದರೆ ಫ್ಯಾನ್‌ನ ಧೂಳು ತೆಗೆಸಿ. ಡಿಸ್ಕ್‌ನ ಆರೋಗ್ಯ ಹೇಳುವ ‘ಸ್ಮಾರ್ಟ್‌ಸಿಟಿಎಲ್’ ವರದಿಯಲ್ಲಿ ‘ಪೆಂಡಿಂಗ್ ಸೆಕ್ಟರ್’ (ಸರಿಯಾಗಿ ಓದಲಾಗದ ಜಾಗ) ಸಂಖ್ಯೆ ಏರುತ್ತಿದ್ದರೆ ಅವತ್ತೇ ಬ್ಯಾಕಪ್ ತೆಗೆದು ಡಿಸ್ಕ್ ಬದಲಿಸಿ. ರ‍್ಯಾಮ್ ಮೇಲೆ ಅನುಮಾನವಿದ್ದರೆ ಶನಿವಾರ ರಾತ್ರಿ ಮೆಮ್‌ಟೆಸ್ಟ್ ಓಡಲು ಬಿಟ್ಟು ಬನ್ನಿ.

ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನೂ ಬರೆದಿಡಿ. ಸರ್ವಿಸ್ ಬಿದ್ದರೆ ತಾನೇ ಏಳುವಂತೆ ಮಾಡುವ ಸೆಟ್ಟಿಂಗ್ ಒಳ್ಳೆಯದೇ. ಆದರೆ ಅದನ್ನು ಕಾರಣ ಸಿಕ್ಕಿದ ಮೇಲೆ ಹಾಕಿ. ಮುಂಚೆಯೇ ಹಾಕಿದರೆ ಸರ್ವರ್ ದಿನಕ್ಕೆ ಹತ್ತು ಸಲ ಬಿದ್ದೆದ್ದರೂ ನಿಮಗೆ ಗೊತ್ತಾಗುವುದಿಲ್ಲ.