ದೊಡ್ಡ ಮೀನು ಕಚ್ಚಿದ ಮೇಲೆ: ಹೊಳೆಯಲ್ಲಿ ಫ್ಲೈ ಗಾಳದ ಕೈಕೆಲಸ

ಹೊನ್ನಾಳಿಯಿಂದ ಹರಿಹರದವರೆಗೆ ತುಂಗಭದ್ರೆ ಅಗಲವಾಗಿ ಹರಿಯುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮರಳು, ನಡುನಡುವೆ ಆಳದ ಮಡು. ಇಂಥ ಹೊಳೆಯಲ್ಲಿ ಐದಾರು ಕಿಲೋ ತೂಗುವ ಮೀನು ಫ್ಲೈ (ಗರಿ, ನೂಲು ಸುತ್ತಿ ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವ ಹಾಗೆ ಮಾಡಿದ ಕೊಕ್ಕೆ) ಕಚ್ಚಿದರೆ ದಾರ ಹರಿಯುವುದು ಮೀನಿನ ಬಲ ಒಂದರಿಂದಲೇ ಅಲ್ಲ. ಕೋಲು ಹಿಡಿದ ಕೋನ, ನಿಂತ ಜಾಗ, ದಾರ ಸುತ್ತಿರುವ ರೀಲಿನ ಬಿಗಿ ಈ ಮೂರರಲ್ಲಿ ಒಂದು ತಪ್ಪಿರುತ್ತದೆ. ಮೂರನ್ನೂ ಮೊದಲೇ ಸರಿಪಡಿಸಿಕೊಳ್ಳಬಹುದು, ಅದರಲ್ಲೂ ಅರ್ಧ ಕೆಲಸ ಮನೆಯಂಗಳದಲ್ಲೇ ಮುಗಿಯುತ್ತದೆ.

ಫ್ಲೈ ಗಾಳಕ್ಕೆ ಒಳ್ಳೆಯ ಕಾಲ ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ. ಮುಂಗಾರಿನ ಕೆಂಪು ನೀರಿನಲ್ಲಿ ಮೀನಿಗೆ ಫ್ಲೈ ಕಾಣುವುದಿಲ್ಲ. ಮೀನು ಮೊಟ್ಟೆ ಇಡುವ ಕಾಲವೂ ಅದೇ, ಆಗ ಗಾಳ ಮನೆಯಲ್ಲಿರುವುದೇ ಸರಿ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆ ಇದೆ. ಹೊಳೆಯಾಗಲಿ, ಸೂಳೆಕೆರೆಯಾಗಲಿ, ವಾಣಿವಿಲಾಸ ಸಾಗರವಾಗಲಿ, ಅಲ್ಲಿ ಮೀನು ಹಿಡಿಯುವ ಹಕ್ಕು ಯಾರದು, ಪರವಾನಗಿ ಬೇಕೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ.

ಸಾಮಾನು

9 ಅಡಿ ಉದ್ದದ, 8 ನಂಬರಿನ ಕೋಲು ಸಾಕು (ನಂಬರು ಹೆಚ್ಚಿದಷ್ಟೂ ಕೋಲು ಗಟ್ಟಿ). 5 ನಂಬರಿನ ಕೋಲು ಎಸೆಯಲು ಹಗುರ, ಆದರೆ ಸೆಳವಿನಲ್ಲಿ ದೊಡ್ಡ ಮೀನನ್ನು ತಿರುಗಿಸುವ ಬಲ ಅದರ ಬುಡದಲ್ಲಿ ಇರುವುದಿಲ್ಲ. ರೀಲಿಗೆ ಡಿಸ್ಕ್ ಡ್ರ್ಯಾಗ್ (ದಾರ ಹೊರಹೋಗುವುದನ್ನು ಹಿಡಿದಿಡುವ ಬ್ರೇಕು) ಇರಲಿ. ಒಳಗೆ 20 ಪೌಂಡ್ ಬಲದ ಬ್ಯಾಕಿಂಗ್ ಎಂಬ ಮೀಸಲು ದಾರ 150 ಮೀಟರ್, ಅದರ ಮೇಲೆ ಎಸೆಯಲು ಭಾರ ಕೊಡುವ ದಪ್ಪ ಫ್ಲೈ ಲೈನ್, ನಂತರ ತುದಿಯತ್ತ ತೆಳುವಾಗುವ 9 ಅಡಿ ಲೀಡರ್, ತುದಿಗೆ ಫ್ಲೈ ಕಟ್ಟಲು 15 ಪೌಂಡ್ (ಸುಮಾರು 6.8 ಕಿಲೋ) ತಡೆಯುವ ತೆಳು ದಾರ, ಅಂದರೆ ಟಿಪೆಟ್. ಬ್ಯಾಕಿಂಗ್ ಯಾವಾಗಲೂ ಟಿಪೆಟ್‌ಗಿಂತ ಗಟ್ಟಿ ಇರಬೇಕು. ಇಲ್ಲದಿದ್ದರೆ ಹರಿಯುವಾಗ ಫ್ಲೈ ಬದಲು ಇಡೀ ಫ್ಲೈ ಲೈನೇ ಮೀನಿನ ಜೊತೆ ಹೋಗುತ್ತದೆ.

ಬ್ಯಾಕಿಂಗ್ ಅನ್ನು ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದರೆ ಮೀನು ಓಡುವಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ, ರೀಲು ಗಕ್ಕನೆ ನಿಲ್ಲುತ್ತದೆ, ಟಿಪೆಟ್ ಅಲ್ಲಿಗೆ ಮುಗಿಯಿತು.

ಬಾಳೆಮೀನಿಗೆ ಹೋಗುವವರು ತುದಿಗೆ ಒಂದು ಗೇಣಿನಷ್ಟು ತೆಳು ಸ್ಟೀಲ್ ತಂತಿಯನ್ನೋ 40 ಪೌಂಡ್ ನೈಲಾನನ್ನೋ ಸೇರಿಸಬೇಕು. ಅದರ ಬಾಯಲ್ಲಿ ಸಾಲುಸಾಲು ಸಣ್ಣ ಚೂಪು ಹಲ್ಲುಗಳಿವೆ, ಬರಿಯ ಟಿಪೆಟ್ ಅಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಕಾಟ್ಲಾ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ಅದು ಫ್ಲೈ ಹಿಡಿಯುವುದು ಅದೃಷ್ಟ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಗಂಟನ್ನು ಎಂಜಲು ಹಚ್ಚಿ, ನಿಧಾನವಾಗಿ ಬಿಗಿಯಿರಿ. ಒಣಗಂಟು ಬಿಗಿಯುವಾಗ ಹುಟ್ಟುವ ಬಿಸಿಗೆ ನೈಲಾನ್ ದುರ್ಬಲವಾಗುತ್ತದೆ, ಆದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನು ಬಿಡಿಸುವುದು ಸುಲಭ, ನಿಮ್ಮ ಬೆರಳಿಗೆ ಹೊಕ್ಕರೆ ಅಲ್ಲಿಂದಲೂ ಸುಲಭ.

ಡ್ರ್ಯಾಗ್ ಬಿಗಿ: ಮನೆಯಲ್ಲೇ ತೂಗಿ ನೋಡಿ

ರೀಲು ಎಷ್ಟು ಜಗ್ಗಿದರೆ ದಾರ ಬಿಡಬೇಕು? ಟಿಪೆಟ್ ತಡೆಯುವ ಭಾರದ ನಾಲ್ಕನೇ ಒಂದು ಭಾಗಕ್ಕೆ. 6.8 ಕಿಲೋ ಟಿಪೆಟ್‌ಗೆ ಇದು 1.7 ಕಿಲೋ. ಬೆರಳಲ್ಲಿ ಜಗ್ಗಿ ಅಂದಾಜು ಮಾಡುವವರು ಹೆಚ್ಚಾಗಿ ತಪ್ಪುತ್ತಾರೆ. ಪ್ರಯಾಣಕ್ಕೆ ಹೋಗುವಾಗ ಬ್ಯಾಗು ತೂಗುವ ಡಿಜಿಟಲ್ ತಕ್ಕಡಿ ಸಾಕು. ಅದನ್ನು ದಾರಕ್ಕೆ ಕಟ್ಟಿ, ರೀಲಿನಿಂದ ನೇರವಾಗಿ ಜಗ್ಗಿ, 1.7ರ ಹತ್ತಿರ ದಾರ ಜಾರಲು ಶುರುವಾಗುವ ಹಾಗೆ ಡ್ರ್ಯಾಗಿನ ಗುಂಡಿ ತಿರುಗಿಸಿ, ಆ ಜಾಗಕ್ಕೆ ಪೆನ್ನಿನ ಗುರುತು ಹಾಕಿ.

ನಾಲ್ಕನೇ ಒಂದು ಭಾಗ ಯಾಕೆ, ಅರ್ಧ ಯಾಕಲ್ಲ ಎಂದು ಕೇಳುವವರಿದ್ದಾರೆ. ಕಾರಣ ರೀಲಿನ ಒಳಗಿದೆ. ದಾರ ಹೊರಹೋದ ಹಾಗೆ ರೀಲಿನಲ್ಲಿ ಉಳಿದ ಸುತ್ತು ಚಿಕ್ಕದಾಗುತ್ತದೆ. ಸುತ್ತಿನ ಅಗಲ ಅರ್ಧಕ್ಕಿಳಿದರೆ ಅದೇ ಗುಂಡಿಯಲ್ಲಿ ಜಗ್ಗಬೇಕಾದ ಬಲ ಎರಡರಷ್ಟಾಗುತ್ತದೆ, 1.7 ಇದ್ದದ್ದು 3.4 ಆಯಿತು. ಹೊರಗೆ ನೀರಿನಲ್ಲಿ ಚಾಚಿಕೊಂಡ ದಪ್ಪ ಫ್ಲೈ ಲೈನನ್ನು ಸೆಳವು ತಳ್ಳುವ ಭಾರ ಬೇರೆ. ದಾರ ಹಾಯುವ ಕೋಲಿನ ಬಳೆಗಳಲ್ಲಿ ಉಜ್ಜುವ ಭಾರ ಇನ್ನೊಂದು. ಗಂಟು ಇರುವಲ್ಲಿ ಟಿಪೆಟ್ ಪೂರ್ತಿ 6.8 ತಡೆಯುವುದೂ ಇಲ್ಲ. ಎಲ್ಲ ಕೂಡಿಸಿದರೆ ಉಳಿಯುವ ಅಂತರ ಕಡಿಮೆ. ಆದ್ದರಿಂದ ಮೀನು ಬ್ಯಾಕಿಂಗ್‌ವರೆಗೆ ಓಡಿತೆಂದರೆ ಡ್ರ್ಯಾಗ್ ಸಡಿಲಿಸಬೇಕು. ಬಹಳ ಜನ ಗಾಬರಿಯಲ್ಲಿ ಆಗಲೇ ಬಿಗಿ ಮಾಡುತ್ತಾರೆ.

ಕಚ್ಚಿದ ಕೂಡಲೇ

ಕೋಲು ಎತ್ತಬೇಡಿ. ಕೋಲಿನ ತುದಿ ನೀರಿನತ್ತಲೇ ಇರಲಿ, ಎಡಗೈಯಲ್ಲಿರುವ ದಾರವನ್ನು ಒಂದು ಮೊಳ ಗಟ್ಟಿಯಾಗಿ ಹಿಂದಕ್ಕೆ ಜಗ್ಗಿ. ಎತ್ತಿದರೆ ಮೆತ್ತನೆಯ ತುದಿ ಬಾಗಿ ಅರ್ಧ ಬಲ ನುಂಗಿಬಿಡುತ್ತದೆ. ಬಾಳೆಮೀನಿನಂಥ ಗಟ್ಟಿ ಬಾಯಿಗೆ ಕೊಕ್ಕೆ ಹೊಗುವುದಿಲ್ಲ. ಜಗ್ಗಿದ್ದು ತಪ್ಪಿದರೂ ಫ್ಲೈ ಮೀನಿನ ಎದುರೇ ಉಳಿಯುತ್ತದೆ, ತಿರುಗಿ ಬಂದು ಕಚ್ಚಿದರೂ ಕಚ್ಚೀತು.

ಈಗ ಕಾಲ ಬಳಿ ಸುರುಳಿ ಬಿದ್ದಿರುವ ಸಡಿಲ ದಾರದ ಕಡೆ ಕಣ್ಣಿಡಿ, ಮೀನಿನ ಕಡೆ ಅಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಉಂಗುರ ಮಾಡಿ ದಾರ ಅದರೊಳಗಿಂದ ಜಾರಿ ಹೋಗಲು ಬಿಡಿ. ಚಪ್ಪಲಿಯ ಪಟ್ಟಿ, ರೀಲಿನ ಹಿಡಿಕೆ, ಅಂಗಿಯ ಗುಂಡಿ, ದಡದ ಜಾಲಿ ಮುಳ್ಳು, ಯಾವುದಕ್ಕೆ ಸಿಕ್ಕಿದರೂ ಕೆಲಸ ಕೆಟ್ಟಿತು. ಸಡಿಲ ದಾರ ಪೂರ್ತಿ ಹೋಗಿ ರೀಲಿನಿಂದ ಬರಲು ಶುರುವಾದ ಮೇಲೆ ದಾರದಿಂದ ಕೈ ತೆಗೆದುಬಿಡಿ. ಓಡುವ ದಾರವನ್ನು ಬೆರಳಿಗೆ ಸುತ್ತಿಕೊಳ್ಳುವ ಚಟ ಇದ್ದವರಿಗೆ ಚರ್ಮ ಕೊಯ್ದ ಗುರುತು ಇದ್ದೇ ಇರುತ್ತದೆ.

ಮೊದಲ ಓಟವನ್ನು ತಡೆಯಲು ಹೋಗಬೇಡಿ. ರೀಲಿನ ಹಿಡಿಕೆ ಮುಟ್ಟದೆ ನಿಂತುಕೊಳ್ಳಿ. ಕೆಲಸ ಶುರುವಾಗುವುದು ಮೀನು ನಿಂತ ಮೇಲೆ.

ಕೋಲಿನ ಕೋನ

ಕೋಲನ್ನು ಬಾವುಟದ ಕಂಬದಂತೆ ನೆಟ್ಟಗೆ ಹಿಡಿದ ಫೋಟೊ ಚೆನ್ನಾಗಿ ಬರುತ್ತದೆ, ಮೀನು ಬರುವುದಿಲ್ಲ. ಅದೇ ತಕ್ಕಡಿಯಲ್ಲಿ ಪರೀಕ್ಷೆ ಮಾಡಿ. ಹತ್ತು ಮೀಟರ್ ದೂರದಲ್ಲಿ ಒಬ್ಬರು ತಕ್ಕಡಿ ಹಿಡಿಯಲಿ, ನೀವು ಕೋಲನ್ನು ನೆಟ್ಟಗೆ ಎತ್ತಿ ಎಷ್ಟು ಸಾಧ್ಯವೋ ಅಷ್ಟು ಜಗ್ಗಿ. ಬಹಳ ಜನರಿಗೆ ಒಂದು ಕಿಲೋ ದಾಟುವುದೇ ಕಷ್ಟವಾಗುತ್ತದೆ, ತೋಳು ಮಾತ್ರ ನಡುಗುತ್ತದೆ. ಈಗ ಕೋಲನ್ನು ನೆಲದಿಂದ 30–40 ಡಿಗ್ರಿಗೆ ಇಳಿಸಿ ಪಕ್ಕಕ್ಕೆ ಹಿಡಿದು ಜಗ್ಗಿ, ಕಡಿಮೆ ಶ್ರಮದಲ್ಲಿ ಅಂಕಿ ಎಷ್ಟೋ ಮೇಲೇರುತ್ತದೆ. ಕೋಲು ಒಂದು ಸನ್ನೆ, ಆದರೆ ಉದ್ದದ ತುದಿ ಮೀನಿನ ಕಡೆಗಿದೆ. ನೆಟ್ಟಗೆ ಎತ್ತಿದಾಗ ಒಂಬತ್ತು ಅಡಿಯೂ ನಿಮ್ಮ ಮಣಿಕಟ್ಟಿನ ವಿರುದ್ಧ ದುಡಿಯುತ್ತದೆ. ಇಳಿಸಿದಾಗ ಬಾಗುವುದು ಬುಡ, ಅಲ್ಲೇ ಬಲ ಇರುವುದು.

ಹೊಳೆಯಲ್ಲಿ ಇದನ್ನು ಹೀಗೆ ಬಳಸಿ. ಮೀನು ಬಲಕ್ಕೆ ಮುಖ ಮಾಡಿದರೆ ಕೋಲನ್ನು ಎಡಕ್ಕೆ ಇಳಿಸಿ ಜಗ್ಗಿ. ಎಡಕ್ಕೆ ತಿರುಗಿದ ಕೂಡಲೇ ಬಲಕ್ಕೆ. ನೇರ ಹಿಂದಕ್ಕೆ ಜಗ್ಗಿದರೆ ಅದು ಮೈಯೆಲ್ಲ ಬಳಸಿ ಎದುರು ಜಗ್ಗುತ್ತದೆ, ಪಕ್ಕಕ್ಕೆ ಜಗ್ಗಿದರೆ ತಲೆ ತಿರುಗುತ್ತದೆ, ತಲೆ ಹೋದತ್ತ ಮೈ. ಅದು ದಾರ ತೆಗೆಯುತ್ತಿಲ್ಲ ಎಂದರೆ ನೀವು ತೆಗೆದುಕೊಳ್ಳುತ್ತಿರಬೇಕು. ಕೋಲನ್ನು ಸೊಂಟ ತಿರುಗಿಸಿ ಹಿಂದಕ್ಕೆ ಒಯ್ಯಿರಿ, ಮುಂದಕ್ಕೆ ತರುವಾಗ ರೀಲು ಸುತ್ತಿ. ಜಗ್ಗುತ್ತಲೇ ಸುತ್ತಲು ಹೋದರೆ ರೀಲು ತಿರುಗುವುದಿಲ್ಲ. ಮುಂದಕ್ಕೆ ತರುವಾಗ ದಾರ ಸಡಿಲವಾಗಕೂಡದು, ಮುಳ್ಳಿಲ್ಲದ ಕೊಕ್ಕೆಗೆ ಅದೊಂದೇ ಶತ್ರು.

ಎಲ್ಲಿ ನಿಲ್ಲಬೇಕು

ಮೀನಿಗಿಂತ ಕೆಳಹೊಳೆಗೆ. ಮೀನು ನಿಮಗಿಂತ ಕೆಳಗಿದ್ದರೆ ನೀವು ಮೀನಿನ ಜೊತೆ ಇಡೀ ಹರಿವನ್ನೂ ಎಳೆಯುತ್ತಿರುತ್ತೀರಿ. ನೀವು ಕೆಳಗಿದ್ದರೆ ಮೀನು ನಿಮ್ಮನ್ನೂ ಹರಿವನ್ನೂ ಎದುರಿಸಬೇಕು, ಬೇಗ ಸೋಲುತ್ತದೆ. ಆದ್ದರಿಂದ ಎಸೆಯುವ ಮೊದಲೇ ಕೆಳಗಡೆ ನೂರು ಹೆಜ್ಜೆ ದಡ ನಡೆದು ನೋಡಿ. ಪಂಪ್‌ಸೆಟ್ಟಿನ ಪೈಪು, ಬೇಲಿ, ಬಿದ್ದ ಮರ, ನೆನೆದ ಬಟ್ಟೆಯ ರಾಶಿ ಎಲ್ಲೆಲ್ಲಿದೆ ಗೊತ್ತಿರಲಿ. ಗದ್ದೆ ಬದಿಯ ವಿದ್ಯುತ್ ತಂತಿಯನ್ನೂ ನೋಡಿ. ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ.

ಮರಳು ತೆಗೆದ ಗುಂಡಿ ಇರುವ ಕಡೆ ನೀರಿಗಿಳಿಯಬೇಡಿ. ಮೊಣಕಾಲುದ್ದ ನೀರು ಮುಂದಿನ ಹೆಜ್ಜೆಗೆ ಆಳುದ್ದ ಆಗಬಹುದು. ಹೊನ್ನಾಳಿಯಲ್ಲಿ ಬಿಸಿಲಿದ್ದರೂ ಮಲೆನಾಡಿನಲ್ಲಿ ಮಳೆಯಾದರೆ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಹೊಳೆಯಲ್ಲಿ ಮೊಸಳೆಗಳೂ ಇವೆ, ಊರಿನವರು ಇಳಿಯಬೇಡಿ ಎಂದ ಜಾಗದಲ್ಲಿ ಇಳಿಯಬೇಡಿ.

ಮೀನು ಬಂಡೆಯ ಸಂದಿಗೆ ಹೊಕ್ಕಿತೇ? ಎಳೆದಾಡಿದರೆ ದಾರ ಕಲ್ಲಿಗೆ ಉಜ್ಜಿ ಹರಿಯುತ್ತದೆ. ನೀವು ಜಾಗ ಬದಲಿಸಿ, ಅದು ಹೊಕ್ಕ ದಿಕ್ಕಿನ ಎದುರು ಬದಿಯಿಂದ ಹದವಾಗಿ ಜಗ್ಗಿ. ಆಗಲಿಲ್ಲವೆಂದರೆ ದಾರ ಪೂರ್ತಿ ಸಡಿಲ ಬಿಟ್ಟು ಕಾಯಿರಿ. ಒತ್ತಡ ಹೋದ ಮೇಲೆ ಎಷ್ಟೋ ಮೀನು ತಾನಾಗಿ ಹೊರಬರುತ್ತದೆ. ಸೂಳೆಕೆರೆಯಂಥ ಕೆರೆಯ ಜೊಂಡಿನ ಬದಿಯಲ್ಲಿ ಕೊರಮೀನಿಗೆ ಮಾತ್ರ ಈ ತಾಳ್ಮೆ ಬೇಡ. ಅದಕ್ಕೆ ದಾರ ಕೊಡದೆ, ಕಚ್ಚಿದ ಏಟಿಗೇ ಹೊರಗೆಳೆಯಬೇಕು.

ದಡದ ಹತ್ತಿರ

ಹೆಚ್ಚು ಮೀನು ಹೋಗುವುದು ಇಲ್ಲೇ. ಹೊರಗಿರುವ ದಾರ ಗಿಡ್ಡವಾದಷ್ಟೂ ಅದು ಹಿಗ್ಗುವುದು ಕಡಿಮೆ. ದೂರದಲ್ಲಿ ದಾರ ನುಂಗಿಕೊಂಡ ಏಟು ಈಗ ನೇರ ಟಿಪೆಟ್‌ಗೆ ಬೀಳುತ್ತದೆ. ಡ್ರ್ಯಾಗ್ ಒಂದು ಹಂತ ಇಳಿಸಿ, ನೆಟ್ (ಹಿಡಿಯಿರುವ ಕೈಬಲೆ) ಕಂಡು ಮೀನು ಮತ್ತೆ ಓಡಿದರೆ ಕೂಡಲೇ ಹಿಡಿಕೆ ಬಿಡಿ. ಲೀಡರ್ ಮತ್ತು ಫ್ಲೈ ಲೈನ್ ಸೇರುವ ಗಂಟನ್ನು ಕೋಲಿನ ಬಳೆಯೊಳಗೆ ತರಬೇಡಿ. ಮೀನು ಓಡಿದಾಗ ಅದು ಬಳೆಗೆ ಸಿಕ್ಕಿಕೊಳ್ಳುತ್ತದೆ. ಹತ್ತಿರ ಬಂದ ಮೀನಿಗೆ ಕೋಲನ್ನು ತಲೆಯ ಹಿಂದಕ್ಕೆ ಬಾಗಿಸುವುದು, ಹಿಡಿಯ ಮೇಲಿನ ಕಪ್ಪು ಭಾಗಕ್ಕೆ ಕೈ ಕೊಡುವುದು, ಇವೆರಡೂ ಕೋಲು ಮುರಿಯುವ ದಾರಿ.

ನೆಟ್ಟನ್ನು ಮೊದಲೇ ನೀರಿನಲ್ಲಿ ಮುಳುಗಿಸಿ ಅಲುಗಾಡದೆ ಹಿಡಿಯಿರಿ. ಮೀನಿನ ತಲೆ ನೀರಿನ ಮೇಲೆ ಎದ್ದ ಮೇಲೆ ಅದನ್ನು ನೆಟ್ಟಿನ ಮೇಲೆ ಜಾರಿಸಿ, ಆಮೇಲೆ ನೆಟ್ ಎತ್ತಿ. ಬಾಲದ ಕಡೆಯಿಂದ ನೆಟ್ ಹಾಕಿದರೆ ಮುಂದೆ ಓಡುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ನೆಟ್ ಇಲ್ಲದಿದ್ದರೆ ನಿಂತ ನೀರಿನ ಮೊಣಕಾಲುದ್ದಕ್ಕೆ ಕರೆತಂದು, ಬಾಲದ ಬುಡದ ಸಣ್ಣ ಜಾಗವನ್ನು ಒದ್ದೆ ಕೈಯಿಂದ ಹಿಡಿಯಿರಿ, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ಕಿವಿರೊಳಗೆ ಬೆರಳು ಹಾಕಬೇಡಿ. ಮೀಸೆ ಇರುವ ಮೀನುಗಳಲ್ಲಿ ಬೆನ್ನಿನ ರೆಕ್ಕೆ, ಪಕ್ಕದ ರೆಕ್ಕೆಗಳಲ್ಲಿ ಮುಳ್ಳಿರಬಹುದು, ನೋಡಿ ಹಿಡಿಯಿರಿ.

ಮಹಶೀರ್ ಬಂದರೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ಯಾವ ಮೀನನ್ನಾದರೂ ಬಿಡುವುದಿದ್ದರೆ ಹೋರಾಟ ಬೇಗ ಮುಗಿಸಬೇಕು. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ದಣಿದ ಮೀನಿಗೆ ಬೇಕಾದಾಗ ಉಸಿರೇ ಕಡಿಮೆ. ಕೊಕ್ಕೆಯನ್ನು ನೀರಿನೊಳಗೇ ಬಿಡಿಸಿ, ತಲೆ ಹರಿವಿನ ಎದುರು ಇರುವಂತೆ ಹಿಡಿದು, ಅದೇ ಬಾಲ ಬಡಿದು ಕೈ ಬಿಡಿಸಿಕೊಳ್ಳುವವರೆಗೆ ಕಾಯಿರಿ. ಹಿಂದೆ ಮುಂದೆ ತಳ್ಳಾಡುವುದರಿಂದ ಲಾಭವಿಲ್ಲ, ಹಿಂದಕ್ಕೆ ಎಳೆದಾಗ ಕಿವಿರಿಗೆ ನೀರು ತಪ್ಪು ದಿಕ್ಕಿನಲ್ಲಿ ಹೋಗುತ್ತದೆ.

ಮತ್ತೆ ಎಸೆಯುವ ಮೊದಲು ಟಿಪೆಟ್ ಅನ್ನು ಉಗುರಿನ ನಡುವೆ ಎಳೆದು ನೋಡಿ. ಎಲ್ಲಾದರೂ ತರಚಿದಂತೆ ಗರಗರ ಎಂದರೆ ಅಲ್ಲಿಂದ ಮೇಲಕ್ಕೆ ಒಂದು ಗೇಣು ಕತ್ತರಿಸಿ ಹೊಸ ಗಂಟು ಹಾಕಿ. ಎಸೆದೆಸೆದು ಸಡಿಲವಾದ ಕೋಲಿನ ಕೀಲುಗಳನ್ನೂ ತಿರುಗಿಸಿ ಬಿಗಿ ಮಾಡಿ. ಕತ್ತರಿಸಿದ ನೈಲಾನ್ ತುಂಡು ಜೇಬಿಗೆ ಹೋಗಲಿ, ಅದು ಹೊಳೆಯಲ್ಲಿ ಉಳಿದರೆ ಹಕ್ಕಿಯ ಕಾಲಿಗೆ ಸುತ್ತುತ್ತದೆ.