ಹಲ್ಲಿನ ಇಂಪ್ಲಾಂಟ್: ಖರ್ಚಿನ ಲೆಕ್ಕ ಬಿಡಿಸಿ ನೋಡುವುದು ಹೇಗೆ?

ಕಳೆದ ವರ್ಷ ನಮ್ಮ ತಾಯಿಯವರ ಕೆಳದವಡೆಯ ಹಲ್ಲೊಂದು ಬೇರಿನವರೆಗೂ ಸೀಳಿ, ಕೀಳಿಸದೆ ಬೇರೆ ದಾರಿ ಉಳಿಯಲಿಲ್ಲ. ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸೋಣವೆಂದು ಬೆಂಗಳೂರಿನ ಎರಡು ದಂತ ಚಿಕಿತ್ಸಾಲಯಗಳಲ್ಲಿ ವಿಚಾರಿಸಿದಾಗ ಒಂದು ಕಡೆ 22,000 ರೂಪಾಯಿ ಎಂದರು, ಇನ್ನೊಂದು ಕಡೆ 48,000 ಎಂದರು. ಎರಡೂ ಕಡೆಯ ಅಂದಾಜನ್ನು ಬಿಡಿಬಿಡಿಯಾಗಿ ಬರೆಸಿಕೊಂಡು ಬಂದು, ಊಟದ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟು ಕೂಡಿದಾಗ ಮೊದಲನೆಯದು 51,500ಕ್ಕೂ ಎರಡನೆಯದು 50,500ಕ್ಕೂ ಬಂದು ನಿಂತಿತು. ಹಾಗಾದದ್ದು ಹೇಗೆ ಎಂಬುದನ್ನು ತಿಳಿದುಕೊಂಡರೆ ಯಾರು ಬೇಕಾದರೂ ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

ಮೊದಲ ಹೆಜ್ಜೆ: ಹೇಳಿದ ಬೆಲೆ ಯಾವುದಕ್ಕೆ?

ನಾವು ಇಂಪ್ಲಾಂಟ್ ಎಂದು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಮೂರು ಭಾಗಗಳಿವೆ. ದವಡೆಯ ಮೂಳೆಯೊಳಗೆ ಕೂರಿಸುವ ಟೈಟೇನಿಯಂ ಸ್ಕ್ರೂ ಮೊದಲನೆಯದು. ಕಳೆದುಹೋದ ಬೇರಿನ ಕೆಲಸವನ್ನು ಅದು ಮಾಡುತ್ತದೆ. ಅದರ ಮೇಲೆ ವಸಡಿನಿಂದ ಹೊರಗೆ ಬರುವ ಸಣ್ಣ ಕೊಂಡಿ ಎರಡನೆಯದು. ವೈದ್ಯರು ಇದನ್ನು ಅಬಟ್‌ಮೆಂಟ್ ಎನ್ನುತ್ತಾರೆ. ಕನ್ನಡಿಯಲ್ಲಿ ನಮಗೆ ಹಲ್ಲಾಗಿ ಕಾಣುವ ಕ್ಯಾಪ್ ಮೂರನೆಯದು. ಮೊದಲ ಚಿಕಿತ್ಸಾಲಯ ಹೇಳಿದ 22,000 ರೂಪಾಯಿ ಬರೀ ಸ್ಕ್ರೂ ಮತ್ತು ಅದನ್ನು ಕೂರಿಸುವ ಶಸ್ತ್ರಚಿಕಿತ್ಸೆಗೆ. ಅಬಟ್‌ಮೆಂಟಿಗೆ 6,000, ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ಕಿನ ಕ್ಯಾಪಿಗೆ 9,000, ಮೂಳೆಪುಡಿ ಮತ್ತು ಅದರ ಮೇಲಿನ ಪೊರೆಗೆ 12,000, ಸ್ಕ್ಯಾನಿಗೆ 2,500 ಎಂಬುದು ಕೇಳಿದ ಮೇಲೆ ಗೊತ್ತಾಯಿತು. ಎರಡನೆಯವರ 48,000ದಲ್ಲಿ ಸ್ಕ್ಯಾನ್ ಒಂದನ್ನು ಬಿಟ್ಟು ಉಳಿದೆಲ್ಲವೂ ಸೇರಿತ್ತು.

ಆದ್ದರಿಂದ ‘ಇಂಪ್ಲಾಂಟಿಗೆ ಎಷ್ಟಾಗುತ್ತದೆ’ ಎಂದು ಕೇಳುವ ಬದಲು ‘ನಾನು ಈ ಹಲ್ಲಿನಲ್ಲಿ ಅಗಿದು ತಿನ್ನುವ ದಿನದವರೆಗೆ ಒಟ್ಟು ಎಷ್ಟಾಗುತ್ತದೆ, ಅದರಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ’ ಎಂದು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಖಾಸಗಿ ಚಿಕಿತ್ಸಾಲಯಗಳು ನೋಂದಣಿ ಮಾಡಿಸಿರಬೇಕು ಮತ್ತು ತಮ್ಮ ದರಗಳನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸಬೇಕು. ಹಾಗಿರುವಾಗ ದರ ಕೇಳಲು ಸಂಕೋಚಪಡಬೇಕಾದ ಕಾರಣವೇ ಇಲ್ಲ.

ಎರಡನೆಯ ಹೆಜ್ಜೆ: ಮೂಳೆಯ ಸ್ಥಿತಿ ತಿಳಿಯುವುದು

ಖರ್ಚು ಏರುವುದೋ ಇಳಿಯುವುದೋ ನಿಜವಾಗಿ ತೀರ್ಮಾನವಾಗುವುದು ಇಲ್ಲಿ. ಸ್ವೀಡನ್ನಿನ ಪರ್ ಇಂಗ್ವರ್ ಬ್ರೋನೆಮಾರ್ಕ್ ಅವರು 1950ರ ದಶಕದಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಮೂಳೆಯಲ್ಲಿ ಇರಿಸಿದ್ದ ಟೈಟೇನಿಯಂ ಉಪಕರಣವು ಕೀಳಲು ಬಾರದಷ್ಟು ಗಟ್ಟಿಯಾಗಿ ಮೂಳೆಯೊಂದಿಗೆ ಬೆಸೆದುಕೊಂಡದ್ದನ್ನು ಕಂಡರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಅಂಥ ಬೇರನ್ನು ಕೂರಿಸಿದರು. ಇಂದಿನ ಇಂಪ್ಲಾಂಟ್‌ಗಳೂ ನಿಂತಿರುವುದು ಆ ಬೆಸುಗೆಯ ಮೇಲೆಯೇ. ಬೆಸೆದುಕೊಳ್ಳಲು ಸಾಕಷ್ಟು ಎತ್ತರ ಮತ್ತು ಅಗಲದ ಮೂಳೆ ಇಲ್ಲದಿದ್ದರೆ ಮೂಳೆಪುಡಿ ತುಂಬಿ ಜಾಗ ಸಿದ್ಧಪಡಿಸಬೇಕಾಗುತ್ತದೆ.

ಹಲ್ಲು ಕೀಳಿಸಿದ ಮೇಲೆ ಆ ಜಾಗದ ಮೂಳೆ ಸವೆಯುತ್ತಾ ಹೋಗುತ್ತದೆ, ಅದರಲ್ಲೂ ಮೊದಲ ವರ್ಷದೊಳಗೆ ಹೆಚ್ಚು. ‘ಒಳಗಿನ ಹಲ್ಲು ತಾನೇ, ಯಾರಿಗೂ ಕಾಣುವುದಿಲ್ಲ, ಮುಂದೆ ನೋಡೋಣ’ ಎಂದು ನಾಲ್ಕೈದು ವರ್ಷ ತಳ್ಳಿದವರಿಗೆ ಮೂಳೆಪುಡಿಯ ಖರ್ಚು ಸೇರಿಕೊಳ್ಳುವ ಸಂಭವ ಹೆಚ್ಚು. ನಮ್ಮ ತಾಯಿಯವರು ಹಲ್ಲು ಕೀಳಿಸಿ ಎಂಟು ತಿಂಗಳು ಸುಮ್ಮನಿದ್ದರು. ಆ 12,000 ರೂಪಾಯಿ ಪಟ್ಟಿಗೆ ಸೇರಿದ್ದು ಹಾಗೆ. ಮೇಲ್ದವಡೆಯ ಹಿಂಬದಿಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಹಲ್ಲಿನ ಬೇರಿನ ಮೇಲೇ ಸೈನಸ್ ಎಂಬ ಗಾಳಿಗೂಡು ಇರುವುದರಿಂದ, ಮೂಳೆ ತೆಳುವಾಗಿದ್ದರೆ ಗೂಡಿನ ತಳವನ್ನು ಮೇಲಕ್ಕೆತ್ತಿ ಮೂಳೆ ತುಂಬಬೇಕಾಗುತ್ತದೆ. ಈ ಒಂದು ಕೆಲಸವೇ ಇಂಪ್ಲಾಂಟಿನಷ್ಟು ದುಬಾರಿಯಾಗಬಹುದು, ಚಿಕಿತ್ಸೆಯ ಅವಧಿಯೂ ತಿಂಗಳುಗಟ್ಟಲೆ ಮುಂದಕ್ಕೆ ಹೋಗಬಹುದು.

ಇದನ್ನೆಲ್ಲ ಬರಿಗಣ್ಣಿನಲ್ಲಿ ನೋಡಿ ಹೇಳಲಾಗದು. ಮಾಮೂಲಿ ಎಕ್ಸ್‌ರೇ ಮೂಳೆಯ ಎತ್ತರವನ್ನು ತೋರಿಸಿದರೂ ಅಗಲವನ್ನು ತೋರಿಸುವುದಿಲ್ಲ. ಅದಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಸ್ಕ್ಯಾನ್ ಮಾಡಿಸುವ ಮೊದಲೇ ಹೇಳಿದ ಬೆಲೆಯನ್ನು ಅಂತಿಮವೆಂದು ತಿಳಿಯಬಾರದು. ಸ್ಕ್ಯಾನಿನ ಪ್ರತಿ ನಿಮ್ಮ ಕೈಯಲ್ಲೇ ಇರಲಿ, ಬೇರೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಅದನ್ನೇ ಒಯ್ಯಬಹುದು. ಸಕ್ಕರೆ ಕಾಯಿಲೆ, ಧೂಮಪಾನ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆಗಳು, ಇವನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕು. ಇವುಗಳಿಂದ ಬೆಸುಗೆ ಕೆಟ್ಟರೆ ಎರಡನೆಯ ಸಲ ಹಾಕಿಸುವ ಖರ್ಚು ಮೊದಲನೆಯದಕ್ಕಿಂತ ಕಡಿಮೆಯಿರುವುದಿಲ್ಲ.

ಮೂರನೆಯ ಹೆಜ್ಜೆ: ಕಂಪನಿ ಮತ್ತು ಕ್ಯಾಪ್

ಸ್ಟ್ರೌಮನ್, ನೋಬೆಲ್ ಬಯೋಕೇರ್‌ನಂಥ ಯುರೋಪಿನ ಹಳೆಯ ಕಂಪನಿಗಳ ಸ್ಕ್ರೂಗಳು ದುಬಾರಿ; ಓಸ್ಟೆಮ್, ಡೆಂಟಿಯಂನಂಥ ಕೊರಿಯಾದ ಕಂಪನಿಗಳವು ಅದಕ್ಕಿಂತ ಅಗ್ಗ. ಎಲ್ಲರಿಗೂ ಅತಿ ದುಬಾರಿಯದೇ ಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ಕಂಪನಿಯ ಹೆಸರನ್ನೇ ಹೇಳದೆ ‘ಇಂಪೋರ್ಟೆಡ್ ಸರ್, ಒಳ್ಳೆಯದೇ’ ಎಂದಷ್ಟೇ ಹೇಳಿದರೆ ಹೆಸರನ್ನು ಅಂದಾಜು ಪಟ್ಟಿಯಲ್ಲಿ ಬರೆದುಕೊಡಲು ಕೇಳಬೇಕು. ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್ ಅಗ್ಗ, ಜಿರ್ಕೋನಿಯಾ ದುಬಾರಿ. ಯಾವುದು ಸಾಕು ಎಂಬುದು ಹಲ್ಲು ಮುಂದಿನದೋ ಹಿಂದಿನದೋ ಎಂಬುದನ್ನು ಅವಲಂಬಿಸಿದೆ.

ಹಲವು ಹಲ್ಲು ಹೋಗಿರುವವರು ಗಮನಿಸಬೇಕಾದ ಮಾತೊಂದಿದೆ. ಹೋದ ಪ್ರತಿ ಹಲ್ಲಿಗೂ ಒಂದೊಂದು ಸ್ಕ್ರೂ ಬೇಕೆಂದೇನೂ ಇಲ್ಲ. ಸಾಲಾಗಿ ಮೂರು ಹಲ್ಲು ಹೋಗಿದ್ದರೆ ಎರಡು ಸ್ಕ್ರೂಗಳ ಮೇಲೆ ಮೂರು ಹಲ್ಲು ಕಟ್ಟಬಹುದು. ಕೆಳದವಡೆಯಲ್ಲಿ ಒಂದು ಹಲ್ಲೂ ಇಲ್ಲದ ಹಿರಿಯರಿಗೆ ಎರಡು ಸ್ಕ್ರೂಗಳ ಮೇಲೆ ಗುಂಡಿಯಂತೆ ಸಿಕ್ಕಿಸುವ ಹಲ್ಲಿನ ಸೆಟ್ ಮಾಡಿಸಿದರೆ, ಊಟದ ನಡುವೆ ಅದು ಅಲ್ಲಾಡುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಬೇರೆ ದಾರಿಗಳೊಂದಿಗೆ ಹೋಲಿಸುವುದು

ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ನಡುವಿನ ಖಾಲಿ ಜಾಗಕ್ಕೆ ಕೃತಕ ಹಲ್ಲು ಕಟ್ಟುವ ಬ್ರಿಡ್ಜ್ ಸಾಮಾನ್ಯವಾಗಿ ಇಂಪ್ಲಾಂಟಿಗಿಂತ ಕಡಿಮೆ ಖರ್ಚಿನದು, ಎರಡು ಮೂರು ವಾರದೊಳಗೆ ಮುಗಿಯುತ್ತದೆ. ಆದರೆ ಅದಕ್ಕಾಗಿ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಆ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಸರಿಯಾದ ಆಯ್ಕೆಯೇ. ಅವು ಸ್ವಲ್ಪವೂ ಹುಳುಕಿಲ್ಲದ ಹಲ್ಲುಗಳಾಗಿದ್ದರೆ ಅವನ್ನು ಮುಟ್ಟದಿರುವುದು ಮೇಲು. ತೆಗೆದು ಹಾಕುವ ಸೆಟ್ ಎಲ್ಲಕ್ಕಿಂತ ಅಗ್ಗ.

ಸಮಯವಿರುವವರಿಗೆ ದಂತವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಿಂದ ಹಿಡಿದು ದಾವಣಗೆರೆ, ಮಣಿಪಾಲ, ಧಾರವಾಡ, ಬೆಳಗಾವಿ, ಮೈಸೂರುಗಳ ಕಾಲೇಜುಗಳವರೆಗೆ ಹಲವು ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ. ಖರ್ಚು ಕಡಿಮೆಯಾದರೂ ಹೆಚ್ಚು ಸಲ ಹೋಗಿಬರಬೇಕಾಗುತ್ತದೆ.

ಐದನೆಯ ಹೆಜ್ಜೆ: ಹಣ ಕಟ್ಟುವ ಮುನ್ನ ಮತ್ತು ಕಟ್ಟಿದ ಮೇಲೆ

ಸ್ಕ್ರೂ ಕೂರಿಸಿದ ಮೇಲೆ ಕ್ಯಾಪ್ ಹಾಕಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಆದ್ದರಿಂದ ಪೂರ್ತಿ ಹಣವನ್ನು ಮೊದಲೇ ಕಟ್ಟದೆ, ಹಂತಹಂತವಾಗಿ ಕಟ್ಟುವ ಏರ್ಪಾಡನ್ನು ಕೇಳಿ. ‘ಜೀವಮಾನದ ಗ್ಯಾರಂಟಿ’ ಎಂಬ ಮಾತು ಬಂದರೆ ಅದು ಸ್ಕ್ರೂಗೆ ಮಾತ್ರವೋ, ಮತ್ತೆ ಹಾಕುವ ವೈದ್ಯರ ಶುಲ್ಕಕ್ಕೂ ಕ್ಯಾಪಿಗೂ ಸೇರಿಯೋ ಎಂದು ವಿಚಾರಿಸಿ. ಬಹುಪಾಲು ಆರೋಗ್ಯ ವಿಮೆಗಳು ಅಪಘಾತದ ಗಾಯವನ್ನು ಬಿಟ್ಟರೆ ಹಲ್ಲಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಆರು ತಿಂಗಳಿಗೊಮ್ಮೆ ಸ್ವಚ್ಛಗೊಳಿಸಿ ಪರೀಕ್ಷಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇಂಪ್ಲಾಂಟಿಗೆ ಹುಳುಕು ಹತ್ತುವುದಿಲ್ಲ ನಿಜ, ಆದರೆ ಸುತ್ತಲಿನ ವಸಡು ಸೋಂಕಿಗೆ ಒಳಗಾದರೆ ಇಂಪ್ಲಾಂಟನ್ನು ಹಿಡಿದಿರುವ ಮೂಳೆಯೇ ಕರಗಬಹುದು.

ಶಸ್ತ್ರಚಿಕಿತ್ಸೆಯ ದಿನ ಒಂದು ವಸ್ತುವನ್ನು ಕೇಳಿ ಪಡೆಯಿರಿ. ಸ್ಕ್ರೂ ಬರುವ ಪುಟ್ಟ ಡಬ್ಬಿಯ ಮೇಲೆ ಕಿತ್ತು ಅಂಟಿಸಬಹುದಾದ ಚೀಟಿ ಇರುತ್ತದೆ, ಅದರಲ್ಲಿ ಕಂಪನಿ, ಮಾದರಿ, ಅಳತೆ ಮತ್ತು ತಯಾರಿಕೆಯ ಬ್ಯಾಚ್ ಸಂಖ್ಯೆ ಮುದ್ರಿತವಾಗಿರುತ್ತವೆ. ನಮ್ಮ ತಾಯಿಯವರ ಬಿಲ್ಲಿನ ಹಿಂಬದಿಗೆ ನರ್ಸ್ ಅದನ್ನು ಅಂಟಿಸಿಕೊಟ್ಟರು, 4.0 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದ ಎಂದು ಅದರಲ್ಲಿದೆ. ಒಂದು ಕಂಪನಿಯ ಕೊಂಡಿ ಇನ್ನೊಂದರ ಸ್ಕ್ರೂಗೆ ಸಾಮಾನ್ಯವಾಗಿ ಕೂರುವುದಿಲ್ಲ. ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ ಕ್ಯಾಪ್ ಸಡಿಲವಾದರೆ, ಅಲ್ಲಿನ ವೈದ್ಯರು ಮೊದಲು ಕೇಳುವುದು ಆ ಚೀಟಿಯಲ್ಲಿರುವ ವಿವರವನ್ನೇ.